ಕಣ್ಣು ಕಾಣದ ನನ್ನ ತಮ್ಮ ಕಂಪ್ಯೂಟರ್‌ನಲ್ಲಿ ಕನ್ನಡ ಓದಬಹುದಾ?

ಖಂಡಿತ ಓದಬಹುದು. ನನಗೂ ಕಣ್ಣು ಕಾಣಿಸುವುದಿಲ್ಲ. ಈ ಉತ್ತರವನ್ನು ನಾನೇ ಟೈಪ್ ಮಾಡುತ್ತಿದ್ದೇನೆ. ಒತ್ತಿದ ಒಂದೊಂದು ಅಕ್ಷರವೂ ಕಿವಿಗೆ ಕೇಳಿಸುತ್ತಿದೆ.

ಪಿಯುಸಿ ಓದುತ್ತಿರುವ ತಮ್ಮನಿಗೆ ಲ್ಯಾಪ್‌ಟಾಪ್ ಕೊಡಿಸಿದರೆ ಉಪಯೋಗ ಆಗುತ್ತಾ, ದುಬಾರಿ ತಂತ್ರಾಂಶ ಬೇಕಾ ಅಂತ ಕೇಳಿದ್ದೀರಿ. ಬೇಡ. ಸಾಮಾನ್ಯ ವಿಂಡೋಸ್ ಲ್ಯಾಪ್‌ಟಾಪ್ ತಗೊಂಡು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಹಾಕಿ, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ. ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಶುರು ಮಾಡಿದರು, ಆಮೇಲೆ ಜೇಮ್ಸ್ ಟೆ ಜೊತೆಗೂಡಿದರು. ಅವರಿಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಇದರ ಜೊತೆಗೇ ಬರುವ, ಪಠ್ಯವನ್ನು ಮಾತಾಗಿಸುವ ಇಸ್ಪೀಕ್‌ನಲ್ಲಿ ಕನ್ನಡವೂ ಇದೆ. ಯಂತ್ರದ ದನಿ, ಮೊದಲ ವಾರ ಕಿರಿಕಿರಿ ಆಗುತ್ತದೆ. ಒಂದು ತಿಂಗಳು ಕಳೆದರೆ ತಮ್ಮನೇ ವೇಗ ಜಾಸ್ತಿ ಮಾಡಿಕೊಳ್ಳುತ್ತಾನೆ.

ಮೊದಲ ದಿನ ಮೌಸ್ ಪಕ್ಕಕ್ಕಿಡಿ. ಎಫ್ ಮತ್ತು ಜೆ ಕೀಗಳ ಮೇಲಿನ ಸಣ್ಣ ಉಬ್ಬುಗೆರೆಯನ್ನು ಬೆರಳಿಗೆ ಪರಿಚಯ ಮಾಡಿಸಿ. ಇನ್ಸರ್ಟ್ ಜೊತೆ 1 ಒತ್ತಿದರೆ, ಆಮೇಲೆ ಯಾವ ಕೀ ಮುಟ್ಟಿದರೂ ಅದರ ಹೆಸರು ಹೇಳುತ್ತದೆ, ಬೇರೇನೂ ಆಗುವುದಿಲ್ಲ. ನಾನು ಎರಡು ಸಂಜೆ ಬರೀ ಇದನ್ನೇ ಮಾಡಿದ್ದೆ. ಹಾಳಾಗಿಬಿಡುತ್ತೇನೋ ಅನ್ನುವ ಭಯ ಹೋಗಿದ್ದೇ ಆಗ. ಮಾತು ನಿಲ್ಲಿಸಲು ಕಂಟ್ರೋಲ್ ಒತ್ತಿದರೆ ಸಾಕು. ಅವನು ತಡಕಾಡುವಾಗ ದಯವಿಟ್ಟು ಲ್ಯಾಪ್‌ಟಾಪ್ ಕಿತ್ತುಕೊಂಡು ನೀವೇ ಮಾಡಿಕೊಡಬೇಡಿ.

ನಿಮ್ಮ ಸಹಾಯ ನಿಜವಾಗಿ ಬೇಕಾಗುವುದು ಬೇರೆ ಕಡೆ. ಕಾಲೇಜಿನಲ್ಲಿ ನನಗೆ ಒಬ್ಬರು ಕನ್ನಡ ನೋಟ್ಸ್ ಫೈಲ್ ಕೊಟ್ಟರು. ತೆರೆದರೆ ಬರೀ ಗೊಂದಲದ ಸದ್ದು. ‘ಕನ್ನಡ’ ಎಂಬ ಒಂದೇ ಪದದ ಮೇಲೆ ಬಾಣದ ಕೀ ಒತ್ತುತ್ತಾ ಹೋದೆ. ಪಿ, ಪೌಂಡ್, ಕ್ಯೂ, ನಡುನಡುವೆ ಏನೇನೋ ಚಿಹ್ನೆ. ಕಂಪ್ಯೂಟರ್‌ಗೆ ಕನ್ನಡ ಬರುವುದಿಲ್ಲ ಅಂತಲೇ ಎಷ್ಟೋ ದಿನ ನಂಬಿದ್ದೆ. ಕಂಪ್ಯೂಟರ್ ತಪ್ಪಲ್ಲ, ಅದು ಹಳೆಯ ಆಸ್ಕಿ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಆಕಾರ ತೊಡಿಸಿರುತ್ತಾರೆ. ನಿಮ್ಮ ಕಣ್ಣಿಗೆ ಅದು ಕನ್ನಡ, ಸ್ಕ್ರೀನ್ ರೀಡರ್‌ಗೆ ಸಿಗುವುದು ಮಾತ್ರ ಒಳಗಿನ ಸಂಕೇತ. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇದೆ, ‘ಕ’ ಅಂದರೆ ‘ಕ’ನೇ. ಡಿಟಿಪಿ ಅಂಗಡಿಯಲ್ಲಿ ಟೈಪಾದ ಎಷ್ಟೋ ನೋಟ್ಸ್ ಇವತ್ತಿಗೂ ಹಳೆಯ ಫಾಂಟಿನಲ್ಲೇ ಇರುತ್ತವೆ. ಇದು ನನಗೆ ತುಂಬಾ ಬೇಸರದ ವಿಷಯ.

ಫೈಲ್ ಯಾವ ಬಗೆಯದು ಅಂತ ಪರೀಕ್ಷಿಸುವುದು ಸುಲಭ. ವರ್ಡ್‌ನಲ್ಲಿ ಪೂರ್ತಿ ಆಯ್ಕೆ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಹಾಗೇ ಉಳಿದರೆ ಯೂನಿಕೋಡ್, ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆದರೆ ಹಳೆಯದು. ಹಳೆಯದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸೌಲಭ್ಯ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳೆರಡರಲ್ಲೂ ಇದೆ. ಪುಸ್ತಕದ ಫೋಟೊ ಇದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯಿರಿ, ಕನ್ನಡ ಪಠ್ಯ ಸಿಗುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ, ನೀವೊಮ್ಮೆ ನೋಡಿ ತಿದ್ದಿಕೊಡಬೇಕು.

ಇನ್ನೊಂದು ಮಾತು. ಶೇ 40 ಅಥವಾ ಅದಕ್ಕೂ ಜಾಸ್ತಿ ಅಂಗವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸಬೇಕು ಅಂತ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿದೆ. ಕಾಲೇಜಿನಲ್ಲಿ ಬರವಣಿಗೆಯಲ್ಲಿ ಕೇಳಿ, ಸಂಕೋಚ ಬೇಡ.

ಫೈಲ್ ಯಾವ ಫಾಂಟಿನದು ಅಂತ ಗೊತ್ತಾಗದಿದ್ದರೆ ಅದರಿಂದ ಒಂದು ಸಾಲು ಕಾಪಿ ಮಾಡಿ ಕೆಳಗೆ ಹಾಕಿ. ಕೇಳಿ ಹೇಳುತ್ತೇನೆ.