ಕೇಸಿಂಗ್ ಪೈಪಿನೊಳಗೆ ಇಳಿದ ಸರ

"ಕಳೆದ ಸಂಚಿಕೆಯ ಬೋರ್‌ವೆಲ್ ಸಾಲದ ಲೇಖನಕ್ಕೆ, ಹೆಂಗಸೊಬ್ಬಳು ಮಾಂಗಲ್ಯದ ಸರವನ್ನು ಪೈಪಿನೊಳಕ್ಕೆ ಇಳಿಬಿಡುವ ಚಿತ್ರ ಹಾಕಿದ್ದೀರಿ. ನಮ್ಮ ಮನೆಯವರು ಅಪಶಕುನ ಅಂತ ಪತ್ರಿಕೆ ಮಗುಚಿಟ್ಟರು. ಬೋರು ಕೊರೆಯುವ ಲಾರಿಯ ಫೋಟೊ ಸಾಕಿತ್ತಲ್ಲವೇ? ಅಂದಹಾಗೆ ನನ್ನ ಮಗಳು ಚೆನ್ನಾಗಿ ಚಿತ್ರ ಬರೆಯುತ್ತಾಳೆ. ಇಂಥದ್ದಕ್ಕೆ ಹೇಗೆ ಯೋಚಿಸಬೇಕು, ತಿಳಿಸಿ."
– ಮುಳಬಾಗಿಲು ತಾಲ್ಲೂಕಿನ ಓದುಗರು

ಸಂಪಾದಕರ ಉತ್ತರ:

ಫೋಟೊ ನಮ್ಮ ಬಳಿ ಇತ್ತು. ಆದರೆ ಸಾಲದ ಕಥೆ ಹೇಳಿದ ಆ ತಾಯಿ ಹೆಸರು ಹಾಕಬೇಡಿ ಎಂದಿದ್ದರು. ಅವರ ಹೊಲದ ಫೋಟೊ ಹಾಕಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಬರೀ ಲಾರಿಯ ಫೋಟೊ ಹಾಕಿದ್ದರೆ ಕೋಲಾರ ಜಿಲ್ಲೆಯವರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ.

ನಮ್ಮ ಚಿತ್ರಕಾರರು ಮೊದಲು ತಂದದ್ದು ಬಿರುಕು ಬಿಟ್ಟ ನೆಲ, ಹಣೆಗೆ ಕೈಯಿಟ್ಟು ಆಕಾಶ ನೋಡುವ ರೈತ. ಅದು ಎಷ್ಟು ಸಲ ಅಚ್ಚಾಗಿದೆಯೆಂದರೆ ಕಣ್ಣು ಅಲ್ಲಿ ನಿಲ್ಲುವುದೇ ಇಲ್ಲ. ಲೇಖನ ಇನ್ನೊಮ್ಮೆ ಓದಿ ಎಂದೆ. "ಮೂರನೇ ಬೋರಿಗೆ ಸರ ಹೋಯ್ತು" ಎಂಬ ಆ ತಾಯಿಯ ಮಾತಿನ ಕೆಳಗೆ ಅವರು ಗೆರೆ ಎಳೆದರು. ಲೇಖನದ ವಿಷಯ ನೀರು, ಆದರೆ ಅದು ಹೇಳುತ್ತಿದ್ದದ್ದು ಮನೆಯ ಒಡವೆ ನೆಲದೊಳಕ್ಕೆ ಹೋದ ಬಗೆಯನ್ನು. ಚಿತ್ರ ಹುಟ್ಟಬೇಕಾದದ್ದು ಅಲ್ಲಿಂದ.

ಎರಡನೇ ಕರಡಿನಲ್ಲಿ ರಾಟೆ ಇರುವ ಸೇದುವ ಬಾವಿ, ಹಗ್ಗದ ಜಾಗದಲ್ಲಿ ಸರ, ತುದಿಗೆ ಕೊಡ. ಚೆಂದವಿತ್ತು. ಆದರೆ ನಮ್ಮ ಕಡೆ ಸೇದುವ ಬಾವಿಗಳು ಬತ್ತಿ ಎಷ್ಟು ಕಾಲವಾಯಿತು! ಬೋರಿನ ಬಾಯಿಗೆ ಇಳಿಸುವ ಕೇಸಿಂಗ್ ಪೈಪನ್ನೇ ಬರೆಯೋಣವೆಂದರೆ ಅದರ ಬಾಯಿ ಆರೂವರೆ ಇಂಚು, ಕೊಡ ಹಿಡಿಸದು. ಕೊನೆಗೆ ಕೊಡ ಬಿಟ್ಟೆವು. ಬರೀ ಸರ ಉಳಿಯಿತು, ನೀರು ತರಲು ತುದಿಯಲ್ಲಿ ಏನೂ ಇಲ್ಲ. ಚಿತ್ರ ಗಟ್ಟಿಯಾದದ್ದು ಆಗಲೇ ಎಂದು ನನಗನ್ನಿಸುತ್ತದೆ.

ಇದು ಹೊಸ ಪ್ರಯೋಗವೇನಲ್ಲ. 1970ರಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯದ ಎದುರು ಪುಟ ಶುರುಮಾಡಿದಾಗ, ಬರಹವನ್ನು ಇದ್ದ ಹಾಗೇ ತೋರಿಸದೆ ಅದರ ಒಳಗುದಿ ಹಿಡಿಯುವ ಕಪ್ಪು-ಬಿಳುಪು ಚಿತ್ರಗಳಿಗೆ ಅಲ್ಲಿ ಜಾಗ ಸಿಕ್ಕಿತು. ಕನ್ನಡದಲ್ಲಿ ಚಂದ್ರನಾಥ ಆಚಾರ್ಯರಂಥ ಕಲಾವಿದರು ಪತ್ರಿಕೆಗಳಿಗೆ ಬರೆದ ಚಿತ್ರಗಳನ್ನು ನೋಡಿಯೇ ನನ್ನಂಥವರ ಕಣ್ಣು ಪಳಗಿದ್ದು.

ಇನ್ನು ಅಪಶಕುನದ ಮಾತು. ಚಿತ್ರಕಾರರು ಬರೆದದ್ದು ಕೊಂಡಿಕೊಂಡಿಯಾಗಿದ್ದ ಚಿನ್ನದ ಸರ, ತಾಳಿಬೊಟ್ಟು ಇರಲೇ ಇಲ್ಲ. ನಮ್ಮದು ನ್ಯೂಸ್‌ಪ್ರಿಂಟ್ ಕಾಗದ, ಶಾಯಿ ಹೀರಿ ಹರಡುತ್ತದೆ, ಸಣ್ಣ ಗೆರೆಗಳು ಒಂದಕ್ಕೊಂದು ಅಂಟುತ್ತವೆ. ಪರೀಕ್ಷೆಗೆ ತೆಗೆದ ಪ್ರತಿಯಲ್ಲಿ ಕೊಂಡಿಗಳೆಲ್ಲ ಮೆತ್ತಿಕೊಂಡವು. ಅವಸರದಲ್ಲಿ ಅವನ್ನು ಬಿಡಿಬಿಡಿ ಕಪ್ಪು ಚುಕ್ಕಿಗಳಾಗಿಸಲು ನಾನೇ ಹೇಳಿದೆ. ಅಚ್ಚಿನಲ್ಲಿ ಅದು ಕರಿಮಣಿಯಾಯಿತು. ನಿಮ್ಮ ಮನೆಯವರು ನೋಡಿದ್ದು ಸರಿಯಾಗಿಯೇ ಇದೆ. ತಪ್ಪು ನನ್ನದು, ಅವರಲ್ಲಿ ಕ್ಷಮೆ ಕೇಳುತ್ತೇನೆ. ಮೇಲಿನ ಐದಾರು ಕೊಂಡಿಗಳನ್ನು ದಪ್ಪಗೆ ಬರೆಸಿ, ಉಳಿದದ್ದನ್ನು ಪೈಪಿನ ಕತ್ತಲಲ್ಲಿ ಮರೆಸಿದ್ದರೆ ಸಾಕಿತ್ತು.

ನಿಮ್ಮ ಮಗಳಿಗೆ: ಲೇಖನವನ್ನು ಪೆನ್ಸಿಲ್ ಮುಟ್ಟದೆ ಎರಡು ಸಲ ಓದಲಿ. ಆಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ಹತ್ತಾದರೂ ಕರಡು ಮಾಡಲಿ. ಮೊದಲ ಮೂರ್ನಾಲ್ಕು ಎಲ್ಲರಿಗೂ ಹೊಳೆಯುವಂಥವೇ ಆಗಿರುತ್ತವೆ, ಬೇಸರಪಡುವುದು ಬೇಡ. ಅಷ್ಟು ಚಿಕ್ಕದರಲ್ಲೂ ಅರ್ಥವಾಗುವ ಚಿತ್ರ ಎರಡು ಕಾಲಮ್ಮಿನಲ್ಲಿ ಖಂಡಿತ ನಿಲ್ಲುತ್ತದೆ. ಮುಂದಿನ ತಿಂಗಳು ಟೊಮೆಟೊ ಬೆಲೆಯ ಬಗ್ಗೆ ಲೇಖನವಿದೆ, ಅದರ ಪ್ರತಿ ಕಳಿಸುತ್ತೇನೆ. ಆ ಹತ್ತೂ ಕರಡುಗಳನ್ನು ನನಗೆ ಕಳಿಸಲಿ.