ರಕ್ತ ಕಡಿಮೆಯಾಗಿದ್ದೇ ತಪ್ಪಾ?

ಪೊಲೀಸನೊಬ್ಬನನ್ನು ಕಂಪನಿಯೊಂದು ಅರ್ಧ ಯಂತ್ರವಾಗಿಸುವ ಕಥೆಯ ಹಾಲಿವುಡ್ ಸಿನಿಮಾ ‘ರೋಬೋಕಾಪ್’ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ತೀರ್ಥಹಳ್ಳಿಯ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: ‘1987ರ ಸಿನಿಮಾವನ್ನು ಹೊಗಳಿದ್ದು ಸರಿ. 2014ರ ರೀಮೇಕಿಗೂ ನಾಲ್ಕು ಒಳ್ಳೆ ಮಾತು ಯಾಕೆ? ರಕ್ತ ತೆಗೆದರು, ಸೂಟಿಗೆ ಕಪ್ಪು ಬಳಿದರು, ಮಕ್ಕಳ ಸಿನಿಮಾ ಮಾಡಿಟ್ಟರು. ಎಲ್ಲಾ ದುಡ್ಡಿಗಾಗಿ. ಕಾಲೇಜಿಗೆ ಹೋಗುವ ಮಗಳಿಗೆ ಯಾವುದನ್ನು ತೋರಿಸಲಿ, ಹೇಳಿ.’

ದುಡ್ಡಿಗಾಗಿ ಅನ್ನುವುದು ನಿಜ. ಹಳೆಯದನ್ನೂ ಯಾರೂ ಪುಣ್ಯಕ್ಕೆ ಮಾಡಿರಲಿಲ್ಲ. ಇನ್ನು ರೀಮೇಕ್ ಅಂದಕೂಡಲೇ ಮೂಗು ಮುರಿಯಲು ನಮಗೆ ಅಷ್ಟೇನೂ ಹಕ್ಕಿಲ್ಲ ಬಿಡಿ. ‘ಇದು ಅಪ್ಪಟ ಸ್ವಮೇಕ್’ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವ ಕಾಲ ನೋಡಿದವರು ನಾವು.

ರಕ್ತದ ವಿಷಯಕ್ಕೆ ಬರೋಣ. ಹಳೆಯದರ ನಿರ್ದೇಶಕ ನೆದರ್‌ಲ್ಯಾಂಡ್ಸಿನ ಪಾಲ್ ವರ್ಹೋವನ್. ಕಂಪನಿಯ ಮೀಟಿಂಗ್ ರೂಮಿನ ದೃಶ್ಯ ನಿಮಗೆ ನೆನಪಿರಬೇಕು. ಇಡಿ-209 ಎಂಬ ಹೊಸ ಯಂತ್ರದ ಪ್ರದರ್ಶನ. ಒಬ್ಬ ಬಡಪಾಯಿ ನೌಕರನ ಕೈಗೆ ಪಿಸ್ತೂಲು ಕೊಟ್ಟು ಯಂತ್ರದತ್ತ ಗುರಿ ಹಿಡಿಸುತ್ತಾರೆ. ಕೆಳಗೆ ಹಾಕು ಅನ್ನುತ್ತದೆ ಯಂತ್ರ. ಹಾಕುತ್ತಾನೆ. ಆದರೂ ಯಂತ್ರ ಕೌಂಟ್‌ಡೌನ್ ನಿಲ್ಲಿಸುವುದಿಲ್ಲ, ಅವನನ್ನು ಜಾಲರಿ ಮಾಡುತ್ತದೆ. ಇದೊಂದು ಸಣ್ಣ ದೋಷ ಅಂತಾನೆ ಅಧಿಕಾರಿ. ಅಲ್ಲಿ ರಕ್ತ ಅತಿಯಾಗಿರುವುದರಿಂದಲೇ ನಗು ಬರುವುದು. ಅದು ವ್ಯಂಗ್ಯದ ರಕ್ತ. ರೀಮೇಕಿನವರು ವ್ಯಂಗ್ಯದ ಕೆಲಸವನ್ನು ಸ್ಯಾಮ್ಯುಯೆಲ್ ಜಾಕ್ಸನ್ ಮಾಡಿದ ಟೀವಿ ನಿರೂಪಕನಿಗೆ ವಹಿಸಿದರು. ಅವನ ಕೂಗಾಟ ಕೇಳಿದರೆ ನಮ್ಮ ರಾತ್ರಿ ಒಂಬತ್ತರ ಚರ್ಚೆಗಳೇ ನೆನಪಾಗುತ್ತವೆ, ಅಲ್ವಾ?

ಹಾಗಾಗಿ ರಕ್ತ ಹೋಗಿದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ನನ್ನ ತಕರಾರು ಬೇರೆ.

ಹಳೆಯದರಲ್ಲಿ ವೈದ್ಯರು ಪೊಲೀಸ್ ಮರ್ಫಿಯ ಒಂದು ತೋಳನ್ನು ಉಳಿಸಿರುತ್ತಾರೆ. ಕಂಪನಿಯ ಮಾರ್ಟನ್ ಬಂದು, ತೋಳೂ ಬೇಡ, ತೆಗೆಯಿರಿ ಅನ್ನುತ್ತಾನೆ. ಹೆಸರು, ಹೆಂಡತಿ, ಮಗ, ಎಲ್ಲ ಹೋಗುತ್ತವೆ. ಉಳಿಯುವುದು ಪಿಸ್ತೂಲನ್ನು ಬೆರಳಲ್ಲಿ ತಿರುಗಿಸಿ ಸೊಂಟಕ್ಕೆ ಸೇರಿಸುವ ಒಂದು ಚಾಳಿ ಮಾತ್ರ. ಟೀವಿ ಹೀರೋ ನೋಡಿ ಮೆಚ್ಚಿದ ಮಗನಿಗಾಗಿ ಕಲಿತದ್ದು. ಜೊತೆಗಾತಿ ಲೂಯಿಸ್ ಅವನ ಗುರುತು ಹಿಡಿಯುವುದೂ ಅದರಿಂದಲೇ. ಆಮೇಲೆ ಅವನು ಖಾಲಿ ಬಿದ್ದ ತನ್ನ ಮನೆಯಲ್ಲಿ ಓಡಾಡುತ್ತಾನೆ. ಮನೆ ಮಾರುವ ಏಜೆಂಟನ ವಿಡಿಯೋ ತನ್ನಷ್ಟಕ್ಕೆ ಹರಟುತ್ತಿರುತ್ತದೆ. ಹೆಂಡತಿ, ಮಗ ಇರುವುದು ಅನುಭವಕ್ಕೆ ಬರುತ್ತದೆ, ಆದರೆ ನೆನಪಿಲ್ಲ ಅಂತ ಕೊನೆಗೆ ಲೂಯಿಸ್‌ಗೆ ಹೇಳುತ್ತಾನೆ. ಪೀಟರ್ ವೆಲ್ಲರ್ ಇದನ್ನು ಹೆಚ್ಚಾಗಿ ತುಟಿ, ಗದ್ದದಲ್ಲೇ ಮಾಡಿ ತೋರಿಸಿದ್ದಾನೆ.

ರೀಮೇಕ್ ಮಾಡಿದ ಬ್ರೆಜಿಲ್‌ನ ಜೋಸೆ ಪಡೀಲ್ಯಾ ಇದನ್ನು ತಿರುಗಿಸಿದರು. ಇಲ್ಲಿ ಮರ್ಫಿಗೆ ಎಲ್ಲವೂ ನೆನಪಿದೆ. ನನ್ನಲ್ಲಿ ಏನು ಉಳಿದಿದೆ, ತೋರಿಸಿ ಅನ್ನುತ್ತಾನೆ. ಡಾಕ್ಟರು ಕವಚ ಬಿಚ್ಚಿಸುತ್ತಾರೆ. ತಲೆ, ಹೃದಯ, ಉಸಿರಾಡುವ ಶ್ವಾಸಕೋಶ, ಒಂದು ಕೈ. ಅಷ್ಟೇ. ಒಂದು ಹನಿ ರಕ್ತವಿಲ್ಲ, ಆದರೆ ಹಳೆಯದರ ಯಾವ ಗುಂಡಿನ ದೃಶ್ಯವೂ ಇಷ್ಟು ಕಲಕುವುದಿಲ್ಲ. ಮುಂದೆ ಬರುವುದು ಇನ್ನೂ ಭಯಂಕರ. ಮನುಷ್ಯನಾದ್ದರಿಂದ ಅವನು ಗುಂಡು ಹಾರಿಸುವ ಮುನ್ನ ತಡವರಿಸುತ್ತಾನೆ. ಅದಕ್ಕೆ, ಮುಖದ ಕವಚ ಇಳಿದಾಗ ಸಾಫ್ಟ್‌ವೇರೇ ನಿರ್ಧಾರ ಮಾಡುವಂತೆ, ಆದರೆ ತಾನೇ ಮಾಡಿದೆ ಅಂತ ಅವನಿಗೆ ಅನ್ನಿಸುವಂತೆ ಮಿದುಳನ್ನು ತಿದ್ದುತ್ತಾರೆ. ಆ ಡಾಕ್ಟರ ಹೆಸರು ಡೆನೆಟ್, ರೋಬೋಗಳನ್ನು ವಿರೋಧಿಸುವ ಸೆನೆಟರ್ ಹೆಸರು ಡ್ರೇಫಸ್. ಮನಸ್ಸು, ಯಂತ್ರಗಳ ಬಗ್ಗೆ ಬರೆದ ಇಬ್ಬರು ಅಮೆರಿಕನ್ ತತ್ವಜ್ಞಾನಿಗಳ ಹೆಸರೂ ಇವೇ. ಸುಮ್ನೆ ಇಟ್ಟ ಹೆಸರುಗಳಲ್ಲ. ನಾನು ಒಳ್ಳೆ ಮಾತು ಹೇಳಿದ್ದು ಇದಕ್ಕೇ.

ಇಷ್ಟು ದೂರ ಬಂದವರು ಕೊನೆಯಲ್ಲಿ ಕೈಚೆಲ್ಲಿದರು. ಕೆಂಪು ಪಟ್ಟಿ ಕಟ್ಟಿದವರಿಗೆ ಮರ್ಫಿ ಗುಂಡು ಹಾರಿಸುವಂತಿಲ್ಲ, ಪ್ರೋಗ್ರಾಮ್ ಬಿಡುವುದಿಲ್ಲ. ಕಂಪನಿಯ ಯಜಮಾನ ಆ ಪಟ್ಟಿ ಕಟ್ಟಿಕೊಂಡು ನಿಂತಿರುತ್ತಾನೆ. ಮರ್ಫಿ ಹಲ್ಲು ಕಚ್ಚಿ, ಬರೀ ಮನೋಬಲದಿಂದ ಹೊಡೆದುಬಿಡುತ್ತಾನೆ. ಪ್ರೀತಿ ಗೆದ್ದಿತು, ಕೋಡ್ ಸೋತಿತು. ಹಾಗಾದರೆ ಅಲ್ಲಿಯವರೆಗೆ ನಮ್ಮನ್ನು ಹೆದರಿಸಿದ್ದೇಕೆ?

ಹಳೆಯದರಲ್ಲೂ ಇಂಥದ್ದೇ ಬೀಗವಿದೆ. ಕಂಪನಿಯ ಹಿರಿಯ ಅಧಿಕಾರಿಯನ್ನು ಅವನು ಮುಟ್ಟುವಂತಿಲ್ಲ. ಮನೋಬಲದಿಂದ ಅದು ಮುರಿಯುವುದಿಲ್ಲ. ಒತ್ತೆಯಾಳಾಗಿ ಸಿಕ್ಕಿಬಿದ್ದ ಮುದಿ ಯಜಮಾನ ಆ ಅಧಿಕಾರಿಗೆ ‘ನಿನ್ನನ್ನು ಕೆಲಸದಿಂದ ತೆಗೆದಿದ್ದೇನೆ’ ಅಂದಮೇಲಷ್ಟೇ ಗುಂಡು ಹಾರುತ್ತದೆ. ಜನ ಚಪ್ಪಾಳೆ ಹೊಡೆಯುತ್ತಾರೆ. ಆದರೆ ಮರ್ಫಿ ಇನ್ನೂ ಕಂಪನಿಯ ಸ್ವತ್ತೇ. ಯಜಮಾನ ಅಪ್ಪಣೆ ಕೊಟ್ಟ, ಇವನು ಮಾಡಿದ. ಹೆಸರು ಕೇಳಿದಾಗ ‘ಮರ್ಫಿ’ ಅಂತ ನಗುತ್ತಾನಲ್ಲ, ಅವನಿಗೆ ವಾಪಸ್ ಸಿಕ್ಕಿದ್ದು ಅದೊಂದೇ.

ಮಗಳ ವಿಷಯ. ಎರಡನ್ನೂ ತೋರಿಸಿ, ಹಳೆಯದನ್ನು ಮೊದಲು. ಮೀಟಿಂಗ್ ರೂಮಿನ ದೃಶ್ಯಕ್ಕೂ, ಮರ್ಫಿಯನ್ನು ಕೊಲ್ಲುವ ದೃಶ್ಯಕ್ಕೂ ಮುಂಚೆ ಒಂದು ಮಾತು ಹೇಳಿಬಿಡಿ, ಅವು ಜಾಸ್ತಿಯೇ. ರೀಮೇಕನ್ನು ಪ್ರಯೋಗಾಲಯದ ದೃಶ್ಯಗಳವರೆಗೆ ಜೊತೆಗೆ ಕೂತು ನೋಡಿ. ಆಮೇಲೆ ನೀವು ಎದ್ದು ಊಟಕ್ಕೆ ತಟ್ಟೆ ಹಾಕಿದರೂ ನಷ್ಟವೇನಿಲ್ಲ. ಅವಳು ನಿಮ್ಮ ಪಕ್ಷವೋ ನನ್ನ ಪಕ್ಷವೋ, ಬರೆದು ತಿಳಿಸಿ.

– ಸಂ.