ಓದುಗರ ಪ್ರಶ್ನೆ: ಟಿಕೆಟಿನ ವಿಷಯ ಆಮೇಲೆ, ಮೊದ್ಲು ಶುಗರ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗಲ್ಫಿನಲ್ಲಿರುವ ನಮ್ಮ ಕಾಸರಗೋಡಿನವರದ್ದು, ಇಲ್ಲಾಂದ್ರೆ ರಜೆಗೆ ಬಂದು ಕೊರೋನಾದಿಂದ ವಿಮಾನ ನಿಂತು ಊರಲ್ಲೇ ಸಿಕ್ಕಿಹಾಕ್ಕೊಂಡವರದ್ದು. ಎಲ್ಲರಿಗೂ ಬೇಕಾದ್ದು ವಿಮಾನದ ಸುದ್ದಿ. ಸರಿ ಹೇಳ್ತೇನೆ, ಆದ್ರೆ ಪತ್ರದ ಕೊನೆಯಲ್ಲಿ ಒಂದು ಸಾಲಿನಲ್ಲಿ "ಸ್ವಲ್ಪ ಶುಗರ್ ಉಂಟು, ಪ್ರೆಶರ್ ಉಂಟು" ಅಂತ ಬರೆದು ಬಿಡ್ತೀರಲ್ಲ, ನನಗೆ ಹೆದರಿಕೆ ಆಗುವುದು ಆ ಸಾಲು ನೋಡಿಯೇ. ಕೆಳಗಿನ ಉತ್ತರಗಳು 2021ರ ಸೆಪ್ಟೆಂಬರ್ ಕೊನೆಯ ಲೆಕ್ಕದ್ದು, ಆಗ ನಿಯಮ ವಾರ ವಾರ ಬದಲಾಗ್ತಾ ಇತ್ತು, ಆ ಟೆಸ್ಟು, ಗಡಿಯ ನಿಯಮ ಈಗ ಇಲ್ಲ, ಹೊರಡುವ ಮೊದ್ಲು ವಿಮಾನದವರ ಹತ್ರ ಇನ್ನೊಮ್ಮೆ ಕೇಳಿಕೊಳ್ಳಿ.

ಪ್ರಶ್ನೆ: ದುಬೈ ದೇರಾದಲ್ಲಿ ಗ್ರೋಸರಿ ಕೆಲಸ. ಮಾರ್ಚಿನಲ್ಲಿ ರಜೆಗೆ ಬಂದವ, ಏಪ್ರಿಲ್ 24ಕ್ಕೆ ವಿಮಾನ ನಿಂತಿತು, ಇಲ್ಲೇ ಉಳಿದೆ. ಕೋವಿಶೀಲ್ಡ್ ಎರಡು ಡೋಸ್ ಆಗಿದೆ. ಆರು ತಿಂಗಳು ದಾಟಿದ್ರೆ ವೀಸಾ ಹೋಗ್ತದೆ ಅಂತ ಎಲ್ಲ ಹೇಳ್ತಾರೆ, ರಾತ್ರಿ ನಿದ್ರೆ ಇಲ್ಲ. (ಉಪ್ಪಳದಿಂದ ಒಬ್ಬರು)

ಉತ್ತರ: ಎಲ್ಲ ಹೇಳುವವರು ಹಳೇ ಸುದ್ದಿ ಹೇಳ್ತಾ ಇದ್ದಾರೆ ಮಾರಾಯ್ರೆ. ಆಗಸ್ಟ್ 5ರಿಂದ ಅಲ್ಲೇ ಲಸಿಕೆ ತಗೊಂಡವರಿಗೆ ಬಿಟ್ರು, ಸೆಪ್ಟೆಂಬರ್ 12ರಿಂದ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಲಸಿಕೆ ಎರಡೂ ಡೋಸ್ ಆದ ರೆಸಿಡೆಂಟ್ ವೀಸಾದವರಿಗೂ ದಾರಿ ತೆರೆದಿದೆ, ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದವರೂ ಅದರಲ್ಲಿ ಸೇರಿದ್ದಾರೆ. ಕೋವಿಶೀಲ್ಡ್ ಆ ಪಟ್ಟಿಯಲ್ಲಿ ಉಂಟು. ನಿಮ್ಮದು ದುಬೈ ವೀಸಾ ಆದ್ರೆ ಅಲ್ಲಿಯ ವೀಸಾ ಇಲಾಖೆಯಾದ ಜಿಡಿಆರ್‌ಎಫ್‌ಎ ಅಪ್ರೂವಲ್, ಬೇರೆ ಎಮಿರೇಟಿನದ್ದಾದ್ರೆ (ಎಮಿರೇಟ್ ಅಂದ್ರೆ ಯುಎಇಯ ಒಂದೊಂದು ರಾಜ್ಯ) ಐಸಿಎ, ಅಂದ್ರೆ ಕೇಂದ್ರದ ವೀಸಾ ಇಲಾಖೆಯದ್ದು ಬೇಕಿತ್ತು. ಆಮೇಲೆ 48 ಗಂಟೆ ಒಳಗಿನ ಆರ್‌ಟಿಪಿಸಿಆರ್, ಕ್ಯೂಆರ್ ಕೋಡ್ ಇರುವ ರಿಪೋರ್ಟೇ ಬೇಕಿತ್ತು, ಜೊತೆಗೆ ಏರ್‌ಪೋರ್ಟಿನಲ್ಲಿ ಹೊರಡುವ 6 ಗಂಟೆ ಒಳಗೆ ರ್‍ಯಾಪಿಡ್ ಪಿಸಿಆರ್, ಇಳಿದ ಮೇಲೆ ಅಲ್ಲಿ ಇನ್ನೊಂದು.

ಹೆಚ್ಚಿನವರು ಎಡವುವುದು ಟೆಸ್ಟಿನಲ್ಲಿ ಅಲ್ಲ, ಹೆಸರಿನಲ್ಲಿ. ನಮ್ಮಲ್ಲಿ ಆಧಾರಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆ ಹೆಸರೂ ಮನೆ ಹೆಸರೂ ಸೇರಿ ಮೂರು ಮಾರು ಉದ್ದ, ಲಸಿಕೆ ಸರ್ಟಿಫಿಕೇಟಿನಲ್ಲಿ ಬರೇ ಇನಿಶಿಯಲ್. ಲಸಿಕೆಯ ಸರಕಾರಿ ವೆಬ್‌ಸೈಟ್ ಆದ ಕೋವಿನ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಸೇರಿಸುವ ಅವಕಾಶ ಉಂಟು, ಪರದೇಶಕ್ಕೆ ಹೋಗುವವರಿಗೆ ಅಂತ ಕೇರಳ ಸರಕಾರವೂ ಪಾಸ್‌ಪೋರ್ಟ್ ನಂಬರ್ ಹಾಕಿ ಸರ್ಟಿಫಿಕೇಟ್ ಕೊಡ್ತಿತ್ತು. ಟಿಕೆಟ್ ತೆಗೆಯುವ ಮೊದ್ಲು ಇದನ್ನು ಮಾಡಿ. ಮತ್ತೆ ಮಂಗಳೂರಿಂದ ಹೋಗ್ತೀರಾ ಕಣ್ಣೂರಿಂದಲಾ ಅಂತಲೂ ಮೊದ್ಲೇ ತೀರ್ಮಾನ ಮಾಡಬೇಕಿತ್ತು, ಯಾಕಂದ್ರೆ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟ್ಲಿಕ್ಕೆ ಕರ್ನಾಟಕದವರು 2021ರಲ್ಲಿ 72 ಗಂಟೆ ಒಳಗಿನ ಆರ್‌ಟಿಪಿಸಿಆರ್ ಕೇಳ್ತಿದ್ರು, ಲಸಿಕೆ ಆಗಿದ್ರೂ ಕೇಳ್ತಿದ್ರು. ದುಬೈಗೆ ಅಂತ ಮಾಡಿಸಿದ ರಿಪೋರ್ಟನ್ನೇ ಅಲ್ಲಿಯೂ ತೋರಿಸಿದ್ರೆ ಸಾಕಿತ್ತು, ಎರಡು ಸಲ ಮೂಗಿಗೆ ಕಡ್ಡಿ ಹಾಕಿಸ್ಕೊಳ್ಳುವುದು ಬೇಕಿರಲಿಲ್ಲ.

ಪ್ರಶ್ನೆ: ರೂಮ್ ಶಾರ್ಜಾದಲ್ಲಿ, ಬೆಡ್ ಸ್ಪೇಸ್ (ಒಂದು ಹಾಸಿಗೆಯ ಜಾಗಕ್ಕಷ್ಟೇ ಬಾಡಿಗೆ), ಎಂಟು ಜನ. ವಯಸ್ಸು 46. ಶುಗರ್, ಪ್ರೆಶರ್ ಎರಡಕ್ಕೂ ಊರಿನ ಮಾತ್ರೆಯೇ ತಿನ್ನುವುದು. ಊರಿಂದ ಬರುವವರು ಕಡಿಮೆಯಾಗಿ ಮಾತ್ರೆ ಮುಗೀತು, ಈಗ ದಿನ ಬಿಟ್ಟು ದಿನ ಅರ್ಧ ಅರ್ಧ ತಿಂತಾ ಇದ್ದೇನೆ. ಆಸ್ಪತ್ರೆಗೆ ಹೋದ್ರೆ ಬಿಲ್ ಹೆದರಿಕೆ. (ಹೆಸರು ಬೇಡ ಅಂದವರು)

ಉತ್ತರ: ಅರ್ಧ ಅರ್ಧ ತಿನ್ನುವುದನ್ನು ಇವತ್ತೇ ನಿಲ್ಲಿಸಿ. ಶುಗರ್ ಮೇಲೆ ಇರುವವರಿಗೆ ಕೊರೋನಾ ಬಂದ್ರೆ ಜೋರಾಗುವುದು ಜಾಸ್ತಿ, ಅದಕ್ಕೆ ಸ್ಟಿರಾಯ್ಡ್ ಕೊಟ್ರೆ ಶುಗರ್ ಇನ್ನೂ ಏರ್ತದೆ, 2021ರಲ್ಲಿ ನಮ್ಮ ದೇಶದಲ್ಲಿ ಬ್ಲ್ಯಾಕ್ ಫಂಗಸ್ ಬಂದವರಲ್ಲಿ ಹೆಚ್ಚಿನವರು ಶುಗರಿನವರೇ ಅಲ್ವಾ.

ಮಾತ್ರೆ ಅಲ್ಲಿಯೂ ಸಿಗ್ತದೆ, ಹೆಸರು ಮಾತ್ರ ಬೇರೆ. ನಿಮ್ಮ ಸ್ಟ್ರಿಪ್ಪಿನಲ್ಲಿ ಕಂಪೆನಿ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಅಂತೆಲ್ಲ ಇರ್ತದೆ ನೋಡಿ, ಅದನ್ನೂ ಎಷ್ಟು ಮಿಲಿಗ್ರಾಂ ಅನ್ನುವುದನ್ನೂ ಡಾಕ್ಟರಿಗೆ ತೋರಿಸಿ, ಸ್ಟ್ರಿಪ್ ಖಾಲಿಯಾದ್ರೂ ಬಿಸಾಡಬೇಡಿ.

ಬಿಲ್ಲಿನ ವಿಷಯಕ್ಕೆ ನಿಮ್ಮ ವೀಸಾ ಯಾವ ಎಮಿರೇಟಿನದ್ದು ಅಂತ ಬರೀಲಿಲ್ಲ ನೀವು. ಮಲಗುವುದು ಶಾರ್ಜಾ, ಕೆಲಸ ದುಬೈ, ಇಂಥವರು ಸಾವಿರಗಟ್ಟಲೆ ಇದ್ದಾರೆ. ವೀಸಾ ದುಬೈದ್ದಾದ್ರೆ 2013ರ ಕಾನೂನಿನ ಪ್ರಕಾರ ಇನ್ಶೂರೆನ್ಸ್ ಮಾಡಿಸಬೇಕಾದ್ದು ಕಂಪೆನಿ, ಅದರ ದುಡ್ಡನ್ನು ನಿಮ್ಮ ಸಂಬಳದಿಂದ ಹಿಡಿಯುವ ಹಾಗಿಲ್ಲ. ಕಡಿಮೆ ಸಂಬಳದವರಿಗೆ ಇರುವ ಬೇಸಿಕ್ ಪ್ಲಾನಿನಲ್ಲೂ ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಂವರೆಗೆ ಕವರ್ ಉಂಟು, ಡಾಕ್ಟರ್ ಫೀಸಿನಲ್ಲಿ 20 ಶೇಕಡಾ ನೀವು ಕೊಡಬೇಕು. ಮೊದಲ ಸಲ ಸ್ಕೀಮಿಗೆ ಸೇರಿದವರಿಗೆ ಹಳೇ ಕಾಯಿಲೆಗೆ ಆರು ತಿಂಗಳು ಕಾಯುವ ನಿಯಮ ಉಂಟು, ಹಾಗಂತ ಶುಗರ್ ಇದೆ ಅನ್ನುವುದನ್ನು ಫಾರ್ಮಿನಲ್ಲಿ ಮುಚ್ಚಿಡಬೇಡಿ, ಆಮೇಲೆ ಕ್ಲೈಮ್ ತಿರಸ್ಕಾರ ಮಾಡ್ಲಿಕ್ಕೆ ಅದೇ ನೆಪ ಆಗ್ತದೆ. ಕಾರ್ಡ್ ಕಿಸೆಯಲ್ಲಿಟ್ಟು ಯಾವ ಕ್ಲಿನಿಕ್ ನೆಟ್‌ವರ್ಕಿನಲ್ಲಿ ಉಂಟು ಅಂತ ನೋಡದೇ ಊರಿಂದ ಬರುವವನ ದಾರಿ ಕಾಯುವವರನ್ನು ಕಂಡ್ರೆ ನನಗೆ ಸಿಟ್ಟೇ ಬರ್ತದೆ. ಶಾರ್ಜಾದ ವೀಸಾ ಆದ್ರೆ 2024ರವರೆಗೆ ಅಂಥ ಕಡ್ಡಾಯ ಇರಲಿಲ್ಲ, ಇನ್ಶೂರೆನ್ಸ್ ಇಲ್ಲದಿದ್ರೆ ಸರಕಾರಿ ಹೆಲ್ತ್ ಕಾರ್ಡ್ ಮಾಡಿಸಿ, ಸರಕಾರಿ ಆಸ್ಪತ್ರೆಯಲ್ಲಿ ಚಾರ್ಜ್ ಕಡಿಮೆ ಆಗ್ತದೆ. ಕೊರೋನಾ ಲಸಿಕೆ ಅಲ್ಲಿ 2021ರಲ್ಲಿ ಫ್ರೀ ಇತ್ತು, ಅದನ್ನಂತೂ ಬಾಕಿ ಇಡಬೇಡಿ.

ಎಂಟು ಜನರ ರೂಮಿನಲ್ಲಿ ಒಬ್ಬನಿಗೆ ಜ್ವರ ಬಂದ್ರೆ ಎಸಿ ಹಾಕಿ ಕಿಟಕಿ ಮುಚ್ಚಿ ಕೂರಬೇಡಿ, ಶೆಕೆ ಆದ್ರೂ ಗಾಳಿ ಆಡ್ಲಿ. ಎಂಟೂ ಜನ ಸೇರಿ ಒಂದು ಪಲ್ಸ್ ಆಕ್ಸಿಮೀಟರ್ ತೆಗೆದುಕೊಳ್ಳಿ. ಆಕ್ಸಿಜನ್ 94ಕ್ಕಿಂತ ಕೆಳಗೆ ಬಂದ್ರೆ ಪಾಳಿ ಮುಗಿಯಲಿ, ಬೆಳಗಾಗಲಿ ಅಂತೆಲ್ಲ ಕಾಯುವುದಿಲ್ಲ, 998ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೀರಿ.

ಪ್ರಶ್ನೆ: ಮಗ ಅಬುಧಾಬಿಗೆ ವಾಪಸ್ ಹೋಗ್ತಾನೆ. ಕಷಾಯದ ಪುಡಿ, ಕರಿಮೆಣಸು, ಪಾಯಸಕ್ಕೆ ಸ್ವಲ್ಪ ಗಸಗಸೆ, ಅವನ ರೂಮ್‌ಮೇಟಿಗೆ ಬೆನ್ನುನೋವಿನ ಮಾತ್ರೆ ಕಟ್ಟಿಟ್ಟಿದ್ದೇನೆ. ತೊಂದರೆ ಇಲ್ವಲ್ಲ? (ಬದಿಯಡ್ಕದಿಂದ ಒಬ್ಬ ತಾಯಿ)

ಉತ್ತರ: ಅಮ್ಮಾ, ಗಸಗಸೆ ಈಗಲೇ ಹೊರಗೆ ತೆಗೀರಿ! ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಒಂದು ಚಮಚ ಇದ್ರೂ ಮಗ ಕೋರ್ಟು ಮೆಟ್ಟಿಲು ಹತ್ತಬೇಕಾಗ್ತದೆ. ಬೆನ್ನುನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಇದ್ಯಾ ನೋಡಿ, ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಇದ್ಯಾ ನೋಡಿ, ಎರಡೂ ಅಲ್ಲಿಯ ಸರಕಾರದ ಮೊದಲೇ ಪಡೆದ ಒಪ್ಪಿಗೆ ಇಲ್ಲದೆ ಒಯ್ಯುವ ಹಾಗಿಲ್ಲ. ಅದೂ ಇನ್ನೊಬ್ಬನ ಮಾತ್ರೆ ನಿಮ್ಮ ಮಗನ ಬ್ಯಾಗಿನಲ್ಲಿ ಯಾಕೆ? ಅವನದ್ದೇ ಮಾತ್ರೆ ಇದ್ರೆ ಡಾಕ್ಟರ ಚೀಟಿ ಜೊತೆ ಕಂಪೆನಿ ಪ್ಯಾಕಿನಲ್ಲೇ ಇರಲಿ, ಇನ್ಸುಲಿನ್ ಆದ್ರೆ ಕೈಬ್ಯಾಗಿನಲ್ಲಿ. ಕರಿಮೆಣಸು ಹೋಗಲಿ. ಕಷಾಯದ ಪುಡಿ ಲೇಬಲ್ ಇಲ್ಲದ ಪ್ಲಾಸ್ಟಿಕಿನಲ್ಲಿ ಕಟ್ಟಿದ್ರೆ ಕಸ್ಟಮ್ಸಿನವನಿಗೆ ಅದು ಎಂತದು ಅಂತ ವಿವರಿಸ್ಲಿಕ್ಕೆ ನಿಮ್ಮ ಮಗನಿಗೆ ಅರಬಿ ಸಾಕಾಗ್ಲಿಕ್ಕಿಲ್ಲ. ಗಂಟಲಿಗೆ ಹಿತ ಅಂತ ಕುಡಿಯಬಹುದು, ಕೊರೋನಾ ತಡೀತದೆ ಅಂತ ಮೂರು ಹೊತ್ತು ಕುಡಿದ್ರೆ ಹೊಟ್ಟೆ ಉರಿ ಮಾತ್ರ ಗ್ಯಾರಂಟಿ.

ಪ್ರಶ್ನೆ: ಕೊವ್ಯಾಕ್ಸಿನ್ ಆಗಿದೆ. ಸೌದಿಗೆ ಹೋಗಬಹುದಾ? (ಕುಂಬಳೆ)

ಉತ್ತರ: 2021ರ ಸೆಪ್ಟೆಂಬರಿನಲ್ಲಿ ಆಗ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಅದಕ್ಕೆ ಆಗ ಇನ್ನೂ ಬಂದಿರಲಿಲ್ಲ. ಬೇರೆ ಫೋನ್ ನಂಬರಿನಲ್ಲಿ ಕೋವಿಶೀಲ್ಡ್ ಹಾಕಿಸ್ಕೊಳ್ಳಿ ಅಂತ ಹೇಳುವ ಏಜೆಂಟರ ಮಾತು ಕೇಳಬೇಡಿ.

ಪ್ರಶ್ನೆ: ನನಗೆ ಕಿಡ್ನಿ ತೊಂದರೆ, ಮೂರು ತಿಂಗಳಿಗೊಮ್ಮೆ ಮಂಗಳೂರಿಗೆ ತೋರಿಸ್ಲಿಕ್ಕೆ ಹೋಗುವುದು. ಗಡಿಯ ರಗಳೆಯಲ್ಲಿ ಹೋಗದೇ ತುಂಬಾ ಸಮಯ ಆಯ್ತು. ಮಗ ಕುವೈತಿನಲ್ಲಿ, ಅವನಿಗೆ ಹೇಳಿಲ್ಲ, ಹೇಳಿದ್ರೆ ಕೆಲಸ ಬಿಟ್ಟು ಬರ್ತಾನೆ. (ಪೆರ್ಲ)

ಉತ್ತರ: ನಿಮ್ಮ ಹೆದರಿಕೆ ಅರ್ಥ ಆಗ್ತದೆ. 2020ರ ಮಾರ್ಚಿನಲ್ಲಿ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿಗೆ ಹೋಗ್ಲಿಕ್ಕಾಗದೆ ಇಲ್ಲಿ ಜನ ಸತ್ತದ್ದನ್ನು ನಾವ್ಯಾರೂ ಮರೆತಿಲ್ಲ. 2013ರಲ್ಲಿ ಅಡಿಗಲ್ಲು ಹಾಕಿದ ನಮ್ಮ ಕಾಸರಗೋಡಿನ ಉಕ್ಕಿನಡ್ಕದ ಮೆಡಿಕಲ್ ಕಾಲೇಜನ್ನು 2020ರ ಏಪ್ರಿಲಿನಲ್ಲಿ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದೂ ಆವಾಗಲೇ. ಆರು ವರ್ಷ ದಾಟಿ ಮಲಗಿದ್ದ ಕೆಲಸಕ್ಕೆ ರೋಗ ಬಂದು ಎಬ್ಬಿಸಬೇಕಾಯ್ತು, ಇರಲಿ. ಈಗ ಸ್ಥಿತಿ ಅಷ್ಟು ಕೆಟ್ಟದಿಲ್ಲ. ತುರ್ತು ಚಿಕಿತ್ಸೆಗೆ ಹೋಗುವವರ ಹತ್ರ ರಿಪೋರ್ಟ್ ಇಲ್ಲದಿದ್ರೂ ಗಡಿಯಲ್ಲೇ ಸ್ಯಾಂಪಲ್ ತೆಗೆದು ಬಿಡಬೇಕು ಅಂತ ಕರ್ನಾಟಕದ 2021ರ ಆದೇಶದಲ್ಲೇ ಇತ್ತು. ಹಳೇ ಚೀಟಿ, ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ನಿಮ್ಮದು ತುರ್ತಲ್ಲದ ಚೆಕಪ್ ಆದ್ದರಿಂದ ಆಗ ಕೊರೋನಾ ಟೆಸ್ಟ್ ಮಾಡಿಸಿಕೊಂಡೇ ಹೋಗಬೇಕಿತ್ತು.

ಮಂಗಳೂರಿಗೆ ಹೋಗುವ ಮೊದ್ಲು ಈ ವಾರವೇ ಹತ್ತಿರದ ಲ್ಯಾಬಿನಲ್ಲಿ ಕಿಡ್ನಿಯ ರಕ್ತಪರೀಕ್ಷೆ, ಅಂದ್ರೆ ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಸಿ, ಮಂಗಳೂರಿನ ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿ, ಅದು ಆಗದಿದ್ರೆ ಸರಕಾರದ ಆನ್‌ಲೈನ್ ಚಿಕಿತ್ಸಾ ಸೇವೆ ಇ-ಸಂಜೀವನಿಯಲ್ಲಿ ಫ್ರೀಯಾಗಿ ಡಾಕ್ಟರ್ ಸಿಗ್ತಾರೆ, ದಾರಿ ಗೊತ್ತಾಗದಿದ್ರೆ ಕೇರಳದ ಆರೋಗ್ಯ ಸಹಾಯವಾಣಿ 1056ಕ್ಕೆ ಫೋನ್ ಮಾಡಿ. ಕಾಲು ಬಾತ್ರೆ, ಮೂತ್ರ ಕಡಿಮೆಯಾದ್ರೆ, ಉಸಿರು ಕಟ್ಟಿದ್ರೆ ಲ್ಯಾಬ್ ಗೀಬ್ ಅಂತ ಕೂರದೆ ಆಸ್ಪತ್ರೆಗೆ ಹೋಗಬೇಕು. ಮೈಕೈ ನೋವಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ನಿಮಗೆ ಕೂಡದು, ಹೆಚ್ಚಿನ ನೋವಿನ ಮಾತ್ರೆ ಕಿಡ್ನಿಗೆ ವಿಷ.

ಮಗನಿಗೆ ಹೇಳಿ. ನೀವು ಹೇಳದಿದ್ರೂ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಅವನಿಗೆ ಗೊತ್ತಾಗ್ತದೆ, ಅದೂ ಹತ್ತು ಪಟ್ಟು ದೊಡ್ಡದಾಗಿ. ಇಲ್ಲಿ ಅಳ್ತಾ ಫೋನ್ ಮಾಡಿದ್ರೆ ಅವ ಅಲ್ಲಿ ಗಾಬರಿಯಾಗಿ ಟಿಕೆಟ್ ನೋಡ್ತಾನೆ, ರಿಪೋರ್ಟಿನ ಫೋಟೋ ಕಳಿಸಿ "ಇಷ್ಟು ಬಂದಿದೆ, ಡಾಕ್ಟರ್ ಹೀಗೆ ಹೇಳಿದ್ದಾರೆ, ಮುಂದಿನ ಚೆಕಪ್ ಇಂಥಾ ದಿನ" ಅಂದ್ರೆ ಅವನಿಗೂ ಕೆಲಸ ಮಾಡ್ಲಿಕ್ಕಾಗ್ತದೆ. ಹಾಗೇ ಅವನ ಪ್ರೆಶರ್ ಎಷ್ಟು ಉಂಟು ಅಂತ ಒಮ್ಮೆ ಕೇಳಿ, ಅವನೂ ನಿಮಗೆ ಹೇಳಿರ್ಲಿಕ್ಕಿಲ್ಲ.